ಜ್ವರ ಇಳಿದ ಮಧ್ಯಾಹ್ನ

ಬಡಗಿಯ ಕೈಗೆ ಉಳಿ ತಾಗುವುದೇನು ಹೊಸ ಸಂಗತಿಯೇ? ಅಣ್ಣತಮ್ಮಂದಿರಿಬ್ಬರ ಮರಗೆಲಸದ ಕಾರ್ಖಾನೆಯಲ್ಲಿ ಅದಕ್ಕೊಂದು ರೂಢಿಯ ಮದ್ದಿತ್ತು. ಗಾಯಕ್ಕೆ ಮರದ ಪುಡಿ ಒತ್ತಿ, ಮೇಲೆ ಗೋಂದು ಸವರಿದರಾಯ್ತು, ರಕ್ತ ನಿಲ್ಲುತ್ತೆ, ಕೆಲಸ ನಿಲ್ಲಲ್ಲ. ತಮ್ಮನ ಹೆಬ್ಬೆರಳ ಬುಡ ಸೀಳಿದಾಗಲೂ ಅಣ್ಣನೇ ಹಾಗೆ ಮೆತ್ತಿದ. ಒಳಗೆ ಸೇರಿದ ಕೊಳೆ ಒಳಗೇ ಉಳಿಯಿತು.

ಕೈ ಊದಿ ಕೆಂಪಗಾಯಿತು, ಚಳಿಜ್ವರ ಬಂತು. ಆಸ್ಪತ್ರೆಗೆ ಹೋಗೋಣ ಅಂತ ತಮ್ಮನ ಹೆಂಡತಿ ಗೋಗರೆದಳು. ಇಷ್ಟಕ್ಕೆಲ್ಲ ಹೋದರೆ ಬಡಗಿಗಳು ಆಸ್ಪತ್ರೆಯಲ್ಲೇ ಬಿಡಾರ ಹೂಡಬೇಕಾಗುತ್ತೆ ಅಂತ ಅವಳ ಭಾವ, ಆ ಅಣ್ಣ, ನಕ್ಕ. ಗಂಡನೂ ನಕ್ಕ. ಅವಳು ಬಾಯಿ ಮುಚ್ಚಿಕೊಂಡಳು.

ಮರುದಿನ ಮಧ್ಯಾಹ್ನ ಜ್ವರ ಇಳಿದು ಮೈ ತಣ್ಣಗಾಯಿತು. ಸದ್ಯ, ಗೆದ್ದೆ ಅಂದುಕೊಂಡು ಅವಳು ಗಂಡನಿಗೆ ಹೊದಿಸಿ ಕಿಟಕಿ ಮುಚ್ಚಿದಳು. ಅವನು ಏನೇನೋ ಬಡಬಡಿಸುತ್ತಿದ್ದ, ಮಗಳ ಹೆಸರಿಗೂ ತಡವರಿಸಿದ. ಓಡಿ ಬಂದವನ ಹಾಗೆ ಏದುಸಿರು. ಬೆಳಗಿನಿಂದ ಮೂತ್ರವೇ ಆಗಿರಲಿಲ್ಲ. ನಿದ್ದೆಗಣ್ಣು ಅಂತ ತಿಳಿದಳು, ಪಾಪ.

ಸಂಜೆ ಪಕ್ಕದ ಮನೆಯ ನರ್ಸಕ್ಕ ಡ್ಯೂಟಿ ಮುಗಿಸಿಕೊಂಡು ನೋಡಲು ಬಂದಳು. ಅವನ ಪಾದ ಮುಟ್ಟಿದವಳೇ ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು.

"ಇದು ಗುಣ ಆಗೋ ತಂಪಲ್ಲ ಕಣೇ. ಸೋಂಕು ರಕ್ತಕ್ಕೆ ಸೇರಿದೆ. ಗಾಡಿ ಕರೆಸು."

ಮಲಗಿದವನನ್ನು ಯಾಕೆ ಎಬ್ಬಿಸ್ತೀರಿ ಅಂತ ಭಾವ ಗೊಣಗಿದ. ಈ ಸಲ ತಮ್ಮನ ಹೆಂಡತಿ ಅವನ ಮಾತು ಕೇಳದೆ ಗಾಡಿ ಕರೆಸಿದಳು.

ಆಸ್ಪತ್ರೆಯಲ್ಲಿ ಔಷಧಿ ಏರಿಸಿದರು. ಕ್ರಿಮಿಗಳು ಸಾಯುತ್ತಿವೆ ಎಂದು ಡಾಕ್ಟರು ಹೇಳಿದಾಗ ಭಾವನ ಮುಖ ಅರಳಿತು. ಆದರೆ ಮೂತ್ರಪಿಂಡ ಕೈಕೊಟ್ಟಿತು, ಆಮೇಲೆ ಶ್ವಾಸಕೋಶ. ಎರಡು ದಿನ ಜೀವ ಹಿಡಿದುಕೊಂಡಿದ್ದು, ತಮ್ಮ ಹೋಗಿಬಿಟ್ಟ.

ಎಲ್ಲ ಮುಗಿದ ಮೇಲೆ ಭಾವ ನರ್ಸಕ್ಕನನ್ನು ಕೇಳಿದ.

"ಕ್ರಿಮಿ ಸತ್ತಿತ್ತಲ್ಲಕ್ಕ. ಮತ್ತೆ ಇವನ್ಯಾಕೆ ಸತ್ತ?"

"ಕ್ರಿಮಿಯ ಮೈಮೇಲಿನ ಪೊರೆಯಲ್ಲಿ ಒಂದು ವಸ್ತು ಇರುತ್ತಪ್ಪ. ಅದು ಕಂಡರೆ ಸಾಕು, ನಮ್ಮ ರಕ್ತದ ಕಾವಲು ಕಣಗಳು ಕೆರಳಿ ಜಗಳಕ್ಕೆ ನಿಲ್ತವೆ. ಕ್ರಿಮಿ ಹೊಕ್ಕ ಜೀವಕೋಶ, ಅದು ಹರಡಬಾರದು ಅಂತ ತಾನೇ ಒಡೆದು ಸಾಯುತ್ತೆ. ಬೆರಳಿನಲ್ಲಷ್ಟೇ ಆದರೆ ಒಳ್ಳೇದೇ. ರಕ್ತದ ತುಂಬ ಆದರೆ ಮೈಯೆಲ್ಲ ರಣರಂಗ. ಕ್ರಿಮಿ ಸತ್ತರೂ ಪೊರೆಯ ಚೂರುಗಳು ಉಳೀತವೆ, ಹೊತ್ತಿದ ಜಗಳ ಬೇಗ ಆರಲ್ಲ. ಕೊನೆಗೆ ನಮ್ಮವರ ಏಟಿಗೇ ನಮ್ಮ ಅಂಗಗಳು ಸಾಯ್ತವೆ. ಮೊದಲೇ ಬರಬೇಕಿತ್ತು."

"ಮೊದಲೇ ಅಂದರೆ ಯಾವಾಗ?"

ಉತ್ತರ ಕೊಟ್ಟಿದ್ದು ತಮ್ಮನ ಹೆಂಡತಿ.

"ನಾನು ಕರೆದಾಗ, ಭಾವ."

ಅವನು ಹುಡುಗನ ಹಾಗೆ ಅತ್ತ. ಈಗ ಕಾರ್ಖಾನೆಯಲ್ಲಿ ಯಾರಿಗೇ ಗಾಯವಾದರೂ ಸೋಪು ಹಚ್ಚಿ ತೊಳೆಸಿ, ತಾನೇ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ತಮ್ಮ ಮಾತ್ರ ಬರುವುದಿಲ್ಲ.

ನಿಮಗೂ ಹೇಳುವುದಿಷ್ಟೇ. ಸೋಂಕು ತಗಲಿದವರ ಮಾತು ತಡವರಿಸಿದರೆ, ಉಸಿರು ಏರಿದರೆ, ಮೂತ್ರ ಕಟ್ಟಿದರೆ, ಕೈಕಾಲು ತಣ್ಣಗಾದರೆ, ಜ್ವರ ಇಳಿಯಿತೆಂದು ಹೊದಿಸಿ ಮಲಗಿಸಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ದು, ಸೋಂಕು ರಕ್ತಕ್ಕೆ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಯಾರೇ ಹೋಗೋಣ ಅಂದರೂ ನಗಬೇಡಿ. ಹೊರಡಿ.