ಕರ್ಪೂರ ಆರಿಸಿದ ಕೈ

ನಾನು ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ನಮ್ಮ ಕೂಲಿ ಸಂಘದ ಮುಖಂಡ ಮಾಡಸಾಮಿ ಬಿದ್ದು ಬಿದ್ದು ನಕ್ಕ. ಹಟ್ಟನ್ ಕಡೆಯ ಟೀ ತೋಟದಲ್ಲಿ ಎಲೆ ಕೀಳುವವಳಿಗೆ ಪ್ರಾದೇಶಿಕ ಸಭೆಯ ಕುರ್ಚಿ ಬೇಕಂತೆ! ನನಗೆ ಸಿಕ್ಕ ಗುರುತು ಕೀಲಿಕೈ. "ಮನೆ ಇಲ್ದೋಳಿಗೆ ಕೀಲಿಕೈ ಯಾಕಮ್ಮ ಯೋಗಮಲರ್, ಬೆನ್ನು ಕೆರ್ಕೊಳ್ಳೋಕಾ?" ಎಂದು ಅವನು ಅಂದದ್ದು ಕೂಲಿಗಳ ಲೈನ್ ಮನೆಗಳ ತುದಿಯವರೆಗೂ ಹಬ್ಬಿತು.

ಅವನ ಮಾತಲ್ಲಿ ಸುಳ್ಳೇನಿಲ್ಲ. ಅಜ್ಜನ ಕಾಲದಿಂದ ಲಂಕೆಯ ಈ ಗುಡ್ಡದಲ್ಲಿ ಸವೆದಿದ್ದರೂ ನಾವು ಮಲಗುವ ಕೋಣೆ ಕಂಪನಿಯದು. ಕೆಳಗಿನ ಊರಿನವರಿಗೆ ನಾವು ಇಂಡಿಯಾದವರು. ಇಂಡಿಯಾಕ್ಕೆ ಹೋದ ನನ್ನ ಚಿಕ್ಕಪ್ಪ ಅಲ್ಲಿ ಸಾಯುವವರೆಗೂ ಸಿಲೋನಿನವನು. ನಾನು ಕೇಳಿದ್ದು ದೊಡ್ಡದೇನಲ್ಲ: ನಮ್ಮ ಹೆಸರಲ್ಲಿ ಮನೆ ಕಟ್ಟಲು ಅಂಗೈಯಗಲ ಜಾಗ, ಮತ್ತೆ ಮರಗಳಲ್ಲಿ ಜೋತುಬಿದ್ದ ಕಡಜದ ಗೂಡು ತೆಗೆಸುವುದು. ಹೆಂಗಸರೆಲ್ಲ ಹೂಂಗುಟ್ಟಿದರು. ನಾನು ಪೆದ್ದಿ, ನಂಬಿದೆ.

ಮತದಾನದ ಹಿಂದಿನ ಭಾನುವಾರ ಮಾಡಸಾಮಿ ಎಲ್ಲರನ್ನೂ ತೋಟ ಕಾಯುವ ದೇವರು ಮುನಿಯಾಂಡಿಯ ಕಲ್ಲಿನ ಮುಂದೆ ಸೇರಿಸಿದ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಸಂಘ ನಿಲ್ಲಿಸಿದವನಿಗೇ ವೋಟು ಎಂದು ಆಣೆ ಇಡಬೇಕು. ಆಣೆ ಮುರಿದವರನ್ನು ಮುನಿ ಬಿಡುವುದಿಲ್ಲ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವನು ಬೇಕೆಂದೇ ಮೊದಲು ನನ್ನ ಅಮ್ಮನನ್ನು, ಪಾಕ್ಕಿಯಂ ಎಂದು ಹೆಸರು ಹಿಡಿದು ಕರೆದ. ಅವಳು ನನ್ನ ಕಡೆ ನೋಡದೆ ಹೋಗಿ ಆರಿಸಿದಳು. ಹೆತ್ತವಳೇ ಹೀಗೆ ಮಾಡಿದ ಮೇಲೆ ಉಳಿದವರ ಮಾತೇನು? ಆ ವಾರವಿಡೀ ಅವಳು ಸುಟ್ಟ ರೊಟ್ಟಿ ತಿಂದೆ, ಮಾತು ಮಾತ್ರ ಆಡಲಿಲ್ಲ.

ಎಣಿಕೆಯಾದಾಗ ತೋಟದ ಶಾಲೆಯ ಪೆಟ್ಟಿಗೆಯಲ್ಲಿ ಕೀಲಿಕೈಗೆ ಬಿದ್ದದ್ದು ಎರಡೇ ವೋಟು. ಒಂದು ನನ್ನದು. ಇನ್ನೊಂದು ಯಾರದೆಂದು ಲೈನಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುವಾರ ಎಲೆ ಕೀಳುವಾಗ ಕಡಜಗಳು ಎದ್ದವು. ಎಲ್ಲರೂ ಬುಟ್ಟಿ ಬಿಸಾಕಿ ಓಡಿದರು. ಮಂಡಿನೋವಿನ ಅಮ್ಮ ಸಿಕ್ಕಿಬಿದ್ದಳು. ಹೆಂಗಸರು ಗುಂಪಾಗಿ ತೋಟದ ಆಸ್ಪತ್ರೆಗೆ ಬಂದು ಅವಳನ್ನು ನೋಡಿ, ಕೆನ್ನೆ ಕೆನ್ನೆ ಬಡಿದುಕೊಂಡು ಹೋದರು. ಆ ವೋಟು ಯಾರದೆಂದು ಇನ್ನು ಕೇಳಬೇಕಾಗಿರಲಿಲ್ಲ. ಮಾಡಸಾಮಿ ಬಿಸ್ಕತ್ತು ತಂದಿಟ್ಟು, ಮುನಿ ಕಣ್ಣು ಮುಚ್ಚಿಕೊಂಡು ಕೂತಿಲ್ಲ ನೋಡು ಎಂದ. ಈ ತೋಟದಲ್ಲಿ ನನಗೆ ವೋಟು ಹಾಕುವ ಧೈರ್ಯ ಇನ್ನು ಯಾರಿಗೂ ಬರುವುದಿಲ್ಲ. ಎಲ್ಲ ಮುಗಿಯಿತು ಅನ್ನಿಸಿತು.

"ಮುನಿಯಲ್ಲಮ್ಮ. ಗೂಡು ತೆಗೆಸಿ ಅಂತ ಬಡ್ಕೊಂಡೆ, ಕಂಪನಿಯವ್ರು ತೆಗೆಸ್ಲಿಲ್ಲ, ಅಷ್ಟೇ," ಎಂದೆ ಅವನು ಹೋದ ಮೇಲೆ.

ಅಮ್ಮ ಊದಿದ ತುಟಿ ಬಿಡಿಸಿದಳು. "ಸುಮ್ನಿರೇ, ನಿಂಗೇನ್ ಗೊತ್ತು. ತಪ್ಪು ಮಾಡ್ದೆ, ಶಿಕ್ಷೆ ಕೊಟ್ಟ. ಮುನಿಗೂ ನಂಗೂ ಲೆಕ್ಕ ಚುಕ್ತಾ ಆಯ್ತು. ಮುಂದಿನ ಸಲ ಮಾಡಸಾಮಿ ಕರೆದ್ರೂ ನಾನು ಕರ್ಪೂರ ಆರ್ಸಲ್ಲ. ನೀನು ನಿಲ್ತೀಯ ತಾನೇ?"

ನಿಲ್ತೀನಮ್ಮ ಅಂದೆ. ಅವಳ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ನನ್ನ ಮುಖ ಅವಳಿಗೆ ಕಾಣಲಿಲ್ಲ.