ಚಿಕ್ಕಮ್ಮನ ಅಪೀಲಿಗೆ ನನ್ನ ಎಂಟ್ರಿ

ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಹೊಟ್ಟೆ ಉರ್ಕೋಬೇಡಿ. ಲಾ ಓದಿಲ್ಲ, ಕರಿ ಕೋಟು ಹಾಕಿಲ್ಲ, ಆದ್ರೂ ಮೇಲಿನ ಕೋರ್ಟನ್ನ ಗಡಗಡ ನಡುಗಿಸಿ ಬಂದೋನು ನಾನು. ನಾನು ಎದ್ದು ನಿಂತಾಗ ಅಲ್ಲಿನ ಫ್ಯಾನು ಕೂಡ ಸ್ಲೋ ಮೋಷನ್ನಲ್ಲಿ ತಿರುಗ್ತಿತ್ತು. ನಂಬಲ್ವಾ? ಕೂತ್ಕೊಳ್ಳಿ, ಫ್ಲ್ಯಾಶ್‌ಬ್ಯಾಕ್ ಇದೆ.

ನಮ್ಮ ಚಿಕ್ಕಮ್ಮ ಟೈಲರ್. ಅಂಗಡಿ ಅಂದ್ರೆ ಒಂದೇ ರೂಮು, ಎರಡು ಮಿಷನ್ನು, ಒಂದು ಇಸ್ತ್ರಿ ಟೇಬಲ್ಲು. ಪ್ಯಾಂಟಿನ ಕಾಲು ಮಡಿಸೋದು, ಜಿಪ್ಪು ಹಾಕೋದು, ಯೂನಿಫಾರಂ ಹೊಲಿಯೋದು. ಗಿರಾಕಿ ಬಂದ್ರೆ ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡು ಬರೀ ಹ್ಞೂಂ, ಉಹ್ಞೂಂ. ಅಷ್ಟು ಸಂಕೋಚ. ಆ ಅಂಗಡಿಗೆ ಹೋಗೋಕೆ ಇರೋದು ಒಂದೇ ಓಣಿ. "ಓಣಿ ನಂದು, ಗೋಡೆ ಕಟ್ತೀನಿ" ಅಂತ ಪಕ್ಕದ ಕಬ್ಬಿಣದಂಗಡಿಯವನು ಪಟ್ಟು ಹಿಡಿದ. ಚಿಕ್ಕಮ್ಮ ಕೇಸು ಹಾಕಿದ್ಲು, ಸೋತ್ಲು. ತೀರ್ಪಲ್ಲಿ ಏನಿತ್ತು ಗೊತ್ತಾ? ಅಂಗಡಿಗೆ ಹಿಂದೆ ಇನ್ನೊಂದು ಬಾಗಿಲಿದೆ, ಆ ಕಡೆಯಿಂದ ಓಡಾಡಬಹುದು ಅಂತ. ಹಿಂದೆ ಇರೋದು ಕಿಟಕಿ ರೀ! ಕಂಬಿ ಹಾಕಿರೋ ಕಿಟಕಿ. ಬೆಕ್ಕು ಓಡಾಡುತ್ತೆ. ಗಿರಾಕಿ ಹೇಗೆ ಓಡಾಡ್ತಾನೆ?

ಈ ಕಿಟಕಿ ವಿಷಯ ಹೇಳಿ ಅಂತ ಚಿಕ್ಕಮ್ಮ ಆಗಿನ ವಕೀಲರ ಹತ್ರ ಗೋಗರೆದಿದ್ಲು. "ನಾನು ನೋಡ್ಕೋತೀನಮ್ಮ" ಅಂದಿದ್ರು. ಪುಣ್ಯಾತ್ಮರು ಕೊನೇವರೆಗೂ ನೋಡ್ತಾನೇ ಇದ್ರು.

"ಅಪೀಲಿಗೆ ವಕೀಲರು ಬೇಡ. ನಾನೇ ನಿಂತ್ಕೋತೀನಿ" ಅಂದ್ಲು ಚಿಕ್ಕಮ್ಮ.

"ನೀನಾ? ಹಾಲಿನವನ ಹತ್ರಾನೂ ಕೈಸನ್ನೆ ಮಾಡ್ತೀಯ!"

"ನೀನಿದೀಯಲ್ಲೋ ತರಲೆ. ಕೇಸು ನಂದು, ಬಾಯಿ ನಿಂದು."

ಡೀಲ್ ಓಕೆ. ಮೊದಲು ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ್ವಿ. ಅದು ಕೈಗೆ ಬಂದಮೇಲೆ ಅಪೀಲು ಬರೆಯೋ ಕೆಲಸ ನಾನೇ ತಗೊಂಡೆ. "ಘನ ನ್ಯಾಯಾಲಯವೇ! ಇದು ಓಣಿಯಲ್ಲ, ಒಬ್ಬ ಹೆಣ್ಣಿನ ಉಸಿರು! ಇವತ್ತು ಗೋಡೆ ಎದ್ದರೆ ನಾಳೆ ಜ್ವಾಲಾಮುಖಿ ಏಳುತ್ತೆ!" ಹೀಗೇ ಆರು ಹಾಳೆ. ಬರೆದು ನಾನೇ ಒಂದ್ಸಲ ಕಣ್ಣೊರೆಸ್ಕೊಂಡೆ.

ಕೌಂಟರಲ್ಲಿದ್ದ ಗುಮಾಸ್ತರು ಓದಿದ್ರು. ಪಕ್ಕದವರನ್ನ ಕರೆದು ಅವರಿಗೂ ಓದಿಸಿದ್ರು.

"ಡೈಲಾಗು ಚೆನ್ನಾಗಿದೆ ಕಣಪ್ಪ. ತಪ್ಪೆಲ್ಲಿ?"

"ನಾನೇನು ತಪ್ಪು ಮಾಡಿದೆ ಸಾರ್?"

"ನಿಂದಲ್ಲಯ್ಯ, ಕೆಳಗಿನ ಕೋರ್ಟಿಂದು. ಅಪೀಲು ಅಂದ್ರೆ ಗೋಳನ್ನ ಮತ್ತೆ ತೋಡ್ಕೊಳ್ಳೋದಲ್ಲ. ಆ ತೀರ್ಪಲ್ಲಿ ಎಲ್ಲಿ ತಪ್ಪಾಗಿದೆ ಅಂತ ಒಂದೊಂದಾಗಿ ಬರೀಬೇಕು. ಆ ಫೈಲಲ್ಲಿ ಈಗಾಗ್ಲೇ ಇರೋದನ್ನೇ ತೋರಿಸ್ಬೇಕು. ಎದುರು ಪಾರ್ಟಿಗೂ ಒಂದು ಪ್ರತಿ ಇಡಿ."

ಮನೆಗೆ ಬಂದು ಚಿಕ್ಕಮ್ಮ ನನ್ನ ಜ್ವಾಲಾಮುಖಿ ಮೇಲೆ ಅಡ್ಡಗೆರೆ ಎಳೆದ್ಲು. ಅಂಗಡಿಗೆ ಬಾಗಿಲು ಒಂದೇ ಅಂತ ಬರೆದ್ಲು. ಅದರ ಕೆಳಗೆ, ಕೋರ್ಟಿಂದ ಬಂದು ಅಳತೆ ಮಾಡಿದವರ ನಕ್ಷೆಯಲ್ಲೂ ಹಿಂದೆ ಕಿಟಕಿ ಅಂತಲೇ ಇದೆ, ತೀರ್ಪಲ್ಲಿ ಆ ನಕ್ಷೆಯ ಮಾತೇ ಇಲ್ಲ ಅಂತ. ಮುಗೀತು. ಒಂದು ಪಂಚ್ ಡೈಲಾಗೂ ಇಲ್ಲ ಅಂತ ಮೂಗು ಮುರಿದೆ. ಗುಮಾಸ್ತರು ಮಾತ್ರ ತಲೆಯಾಡಿಸಿ ಅಪೀಲಿಗೆ ನಂಬರ್ ಹಾಕಿದ್ರು.

ನಾನು ಸುಮ್ನೆ ಮನೆಗೆ ಹೋಗ್ಬೇಕಿತ್ತು. ಹೀರೋ ಅಲ್ವಾ, ಸೀದಾ ಕಬ್ಬಿಣದಂಗಡಿಗೆ ಹೋದೆ. "ಅಪೀಲು ಹಾಕಿದೀವಿ. ಇನ್ಮೇಲೆ ಒಂದೇ ಒಂದು ಇಟ್ಟಿಗೆ ಇಟ್ಟು ನೋಡು!" ಅಂತ ಕಾಲರ್ ಎತ್ತಿ ಬಂದೆ.

ಬೆಳಗ್ಗೆ ನೋಡಿದ್ರೆ ಓಣಿ ಬಾಯಲ್ಲಿ ಪಾಯ ತೋಡ್ತಿದಾರೆ!

"ಅಪೀಲು ಹಾಕಿದ ಮಾತ್ರಕ್ಕೆ ಕೆಲಸ ನಿಲ್ಲಲ್ಲ ಮರಿ. ಸ್ಟೇ ಇದ್ರೆ ತೋರಿಸು" ಅಂದ ಆಸಾಮಿ, ಹಲ್ಲುಕಡ್ಡಿ ಆಡಿಸ್ತಾ.

ಒಬ್ಬ ಗಿರಾಕಿ ಬಗಲಲ್ಲಿ ಪ್ಯಾಂಟು ಇಟ್ಕೊಂಡು ಗುಂಡಿ ಈಚೆಯಿಂದಲೇ ವಾಪಸ್ ಹೋದ. ಚಿಕ್ಕಮ್ಮ ಬಟ್ಟೆ ಗಂಟು ತಲೆ ಮೇಲೆ ಹೊತ್ತು ಗುಂಡಿ ದಾಟಿದ್ಲು. ಗಂಟು ಇಳಿಸಿ, ಕೋರ್ಟಿಗೆ ನಡಿ ಅಂತ ನನಗೆ ಕೈಸನ್ನೆ ಮಾಡಿದ್ಲು.

ಮತ್ತೆ ಕೌಂಟರ್. "ತಡೆಯಾಜ್ಞೆಗೆ ಬೇರೆ ಅರ್ಜಿ ಕೊಡ್ಬೇಕಮ್ಮ, ಜೊತೆಗೆ ಬರೆದಿದ್ದೆಲ್ಲ ನಿಜ ಅಂತ ಪ್ರಮಾಣಪತ್ರ" ಅಂದ್ರು ಗುಮಾಸ್ತರು. "ಪಾಯ ತೋಡ್ತಿದಾರೆ, ತುರ್ತು ಅಂತ ಬರೀರಿ. ಎದುರು ಪಾರ್ಟಿಗೆ ಇವತ್ತೇ ತಿಳಿಸಿ." ಚಿಕ್ಕಮ್ಮ ಅಲ್ಲೇ ಬೆಂಚಲ್ಲಿ ಕೂತು ಬರೆದ್ಲು. ನಾನು ಬಾಯಿ ಮುಚ್ಕೊಂಡು ಜೆರಾಕ್ಸ್ ಮಾಡಿಸ್ತಾ ಓಡಾಡಿದೆ.

ವಿಚಾರಣೆ ದಿನ ಕೇಸು ಕೂಗಿದ್ರು. ಚಿಕ್ಕಮ್ಮ ನನ್ನ ಕಡೆ ನೋಡಿದ್ಲು. ನಾನು ಎದ್ದೆ. "ಸ್ವಾಮಿ!" ಅಂದೆ. ಇಡೀ ಕೋರ್ಟು ಸೈಲೆಂಟು. ಅಲ್ಲಿಂದಾಚೆ ನಾನು ಹೇಗೆ ವಾದ ಮಾಡಿದೆ, ಎದುರು ವಕೀಲರು ಹೇಗೆ ಬೆವರಿದ್ರು ಅಂತ ಗೆಳೆಯರಿಗೆಲ್ಲಾ ಆಕ್ಷನ್ ಸಮೇತ ಹೇಳಿದೀನಿ.

ನಿಮಗೆ ನಿಜ ಹೇಳ್ತೀನಿ. ಅಲ್ಲಿ ಇಲ್ಲಿ ಹೇಳ್ಬೇಡಿ.

"ನೀವು ಪಾರ್ಟಿನಾ?" ಅಂದ್ರು ಜಡ್ಜು.

"ಇವರ ಅಕ್ಕನ ಮಗ ಸ್ವಾಮಿ."

"ವಕೀಲರಾ?"

"ಅಲ್ಲ."

"ಕೂತ್ಕೊಳ್ಳಿ. ಅವರೇ ಮಾತಾಡ್ಲಿ."

ಅಷ್ಟೇ ನನ್ನ ಪಾರ್ಟು. ಕೋರ್ಟು ನಡುಗಲೇ ಇಲ್ಲ, ನಾನೇ ಕೂತೆ. ಚಿಕ್ಕಮ್ಮ ಒಬ್ಳೇ ನಿಂತಿದ್ಲು, ಫೈಲು ಎದೆಗೆ ಒತ್ಕೊಂಡು. ತುಟಿ ಅಲ್ಲಾಡುತ್ತೆ, ದನಿ ಇಲ್ಲ.

"ನಿಧಾನಕ್ಕೆ ಹೇಳಮ್ಮ" ಅಂದ್ರು ಜಡ್ಜು.

"ಆಕೆಗೆ ಹೇಳೋಕೆ ಏನೂ ಇಲ್ಲ ಸ್ವಾಮಿ" ಅಂದ್ರು ಎದುರು ವಕೀಲರು.

"ಇದೆ" ಅಂದ್ಲು ಚಿಕ್ಕಮ್ಮ. "ಬಾಗಿಲು ಒಂದೇ ಸ್ವಾಮಿ. ಹಿಂದೆ ಇರೋದು ಕಿಟಕಿ. ನಕ್ಷೆ ಆ ಫೈಲಲ್ಲೇ ಇದೆ."

ಜಡ್ಜು ಹಾಳೆ ತಿರುವಿ ನೋಡಿದ್ರು. "ಕಿಟಕಿ ಅಂತಾನೇ ಇದೆಯಲ್ರೀ."

"ಒಡೆದು ಬಾಗಿಲು ಇಟ್ಕೋಬಹುದಲ್ಲ ಸ್ವಾಮಿ" ಅಂದ್ರು ವಕೀಲರು.

"ಇಟ್ಕೋಬಹುದು ಸ್ವಾಮಿ" ಅಂದ್ಲು ಚಿಕ್ಕಮ್ಮ. "ಆ ಕಡೆ ಇನ್ನೊಬ್ಬರ ಮನೆ ಬಚ್ಚಲು. ಗಿರಾಕಿಗಳು ಅವರು ಸ್ನಾನ ಮುಗಿಸೋವರೆಗೂ ಕಾಯ್ಬೇಕು."

ಜಡ್ಜು ನಕ್ಕರು. ವಕೀಲರೂ ನಕ್ಕುಬಿಟ್ರು, ಪಾಪ. ಅಪೀಲು ಮುಗಿಯೋವರೆಗೆ ಗೋಡೆ ಕಟ್ಟಬಾರದು ಅಂತ ಆದೇಶ ಆಯ್ತು.

ಅಂದ್ರೆ ಕೇಸು ಇನ್ನೂ ಗೆದ್ದಿಲ್ಲ. ಗುಂಡಿ ಹಾಗೇ ಇದೆ, ಮೇಲೊಂದು ಹಲಗೆ ಹಾಕಿದೀವಿ, ಗಿರಾಕಿಗಳು ಬರ್ತಿದಾರೆ. ಮುಂದಿನ ವಿಚಾರಣೆಗೆ ಯಾವ ಶರ್ಟು ಹಾಕ್ಕೊಳ್ಳಲಿ ಅಂತ ಕೇಳಿದೆ. "ನೀನು ಅಂಗಡಿ ನೋಡ್ಕೊ" ಅಂದ್ಲು ಚಿಕ್ಕಮ್ಮ. "ನಾನು ಒಬ್ಳೇ ಹೋಗ್ತೀನಿ."