ಅಣ್ಣ ನೋಡದ ಕೋಣೆ

ವಲಸೆ ಕಚೇರಿಯಿಂದ ಬಂದಿದ್ದ ಹೆಲೆನ್, ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸವನ್ನು ಮುಟ್ಟಲಿಲ್ಲ. ಬರೀ ಚಹಾ ಕುಡಿದಳು. ಅಷ್ಟಕ್ಕೇ ಕೆಲಸ ಕೆಟ್ಟಿತೆಂದು ಲೆಸಿಯೆಲಿಗೆ ಅನಿಸಿತು.

ಲೆಸಿಯೆಲಿ ಟೋಂಗಾದಿಂದ ಪ್ರವಾಸಿ ವೀಸಾದಲ್ಲಿ ಆಕ್ಲೆಂಡಿನ ಅಣ್ಣನ ಮನೆಗೆ ಬಂದವಳು. ಚರ್ಚಿನ ಹಾಡುಗಾರರ ನಡುವೆ ಸಿಟಿವೆನಿಯನ್ನು ಕಂಡು, ಮೆಚ್ಚಿ, ಮದುವೆಯಾಗಿ ಇಲ್ಲೇ ನಿಂತುಬಿಟ್ಟಿದ್ದಳು. ಸಿಟಿವೆನಿ ಈ ದೇಶದ ಪ್ರಜೆ. ಮದುವೆ ನಿಜವೆಂದು ಕಚೇರಿ ನಂಬಿದರೆ ಅವಳಿಗೆ ಕಾಯಂ ವಾಸದ ದಾರಿ ತೆರೆಯುತ್ತದೆ. ನಂಬದಿದ್ದರೆ ತಿಂಗಳ ಕೊನೆಗೆ ವೀಸಾ ಮುಗಿದು, ಗಂಡನನ್ನು ಬಿಟ್ಟು ಒಬ್ಬಳೇ ವಿಮಾನ ಹತ್ತಬೇಕು. ಸಿಟಿವೆನಿಯನ್ನು ಮೊದಲೇ ಕಚೇರಿಗೆ ಕರೆಸಿ ಕೇಳಿಯಾಗಿತ್ತು. ಇವತ್ತು ಅವನು ಕೆಲಸಕ್ಕೆ ಹೋಗಿದ್ದ.

ಸಾಕ್ಷಿಯಾಗಿ ಸಹಿ ಹಾಕಿದ್ದವನು ಅಣ್ಣ ಕೆಪುವೆಲಿ. ಚರ್ಚಿನ ಹಿರಿಯ, ಮನೆಯ ಯಜಮಾನ. ಅವನಿಗಿಂತ ತೂಕದ ಸಾಕ್ಷಿ ಯಾರಿದ್ದಾರೆಂದು ಎಲ್ಲರೂ ಅಂದುಕೊಂಡಿದ್ದರು. ಇವತ್ತು ಟೈ ಕಟ್ಟಿ, ಬಂದವರ ಮರ್ಯಾದೆಗೆಂದು ಟೋಂಗಾದ ಪದ್ಧತಿಯಂತೆ ಸೊಂಟಕ್ಕೆ ಚಾಪೆಯನ್ನೂ ಸುತ್ತಿಕೊಂಡಿದ್ದ.

"ದಂಪತಿ ಇರೋ ಕೋಣೆ ತೋರಿಸಿ," ಎಂದಳು ಹೆಲೆನ್.

ಕೆಪುವೆಲಿ, ದಂಪತಿಗೆ ಕೋಣೆಯಾಗಿ ಮಾಡಿಕೊಟ್ಟಿದ್ದ ಹಿತ್ತಲಿನ ಗ್ಯಾರೇಜಿನ ತನಕ ನಡೆದು, ಅದರ ಬಾಗಿಲಿಗೆ ಬೆನ್ನು ಮಾಡಿ ನಿಂತ. "ಇದೇ."

"ಒಳಗೆ ಬನ್ನಿ."

"ನಾನು ಬರಲ್ಲ."

"ಒಳಗೆ ಮಂಚ ಒಂದಿದೆಯೋ, ಎರಡಿದೆಯೋ?"

"ಗೊತ್ತಿಲ್ಲ. ಅವರು ಬಂದ ಮೇಲೆ ನಾನು ಒಳಗೆ ನೋಡಿಲ್ಲ."

"ಇಬ್ಬರೂ ಒಟ್ಟಿಗೆ ಇದ್ದಾರೆ ಅಂತ ಸಹಿ ಹಾಕಿದೀರಿ. ನೋಡದೇನೇ?"

ಕೆಪುವೆಲಿ ಟೈ ಸರಿಮಾಡಿಕೊಂಡ. ಹೆಲೆನ್ ಏನೋ ಬರೆದುಕೊಂಡು ಲೆಸಿಯೆಲಿಯ ಕಡೆ ತಿರುಗಿದಳು. "ನಿಮ್ಮ ಗಂಡ ಹಾಸಿಗೇಲಿ ಯಾವ ಕಡೆ ಮಲಗ್ತಾರೆ?"

ಅಣ್ಣನ ಎದುರಿಗೆ ಹಾಸಿಗೆಯ ಮಾತು. ಅಣ್ಣ ತಂಗಿ ದೂರವಿರಬೇಕೆಂಬ ಅವರ ನಾಡಿನ ರೂಢಿಯಂತೆ, ತಿಳಿವಳಿಕೆ ಬಂದಾಗಿನಿಂದ ಅವರಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಟಿವಿ ಕೂಡ ನೋಡಿದವರಲ್ಲ. ಲೆಸಿಯೆಲಿ ನೆಲ ನೋಡಿದಳು. ಉತ್ತರ ಬಾಯಲ್ಲೇ ಇತ್ತು, ಹೊರಗೆ ಬರಲೊಲ್ಲದು.

"ಸುಲಭದ ಪ್ರಶ್ನೆ," ಎಂದಳು ಹೆಲೆನ್.

ಅಡುಗೆಮನೆಯ ಮೆಟ್ಟಿಲ ಮೇಲೆ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ ಸೋದರತ್ತೆ ಸೇಲಾ ಚಾಕು ಕೆಳಗಿಟ್ಟಳು. "ಸಾಕ್ಷಿಗೆ ಬೇರೆ ಯಾರೂ ಸಿಗಲಿಲ್ವೇನ್ರೋ ನಿಮಗೆ? ನಮ್ಮಲ್ಲಿ ಅಣ್ಣ ಆದವನಿಗೆ ತಂಗಿ ಸಂಸಾರದ ವಿಷಯ ಮನೆ ಬೆಕ್ಕಿಗೆ ಗೊತ್ತಿರೋವಷ್ಟೂ ಗೊತ್ತಿರಬಾರದು. ನನ್ನ ಬುದ್ಧೀನೂ ಮೇಯೋಕೆ ಹೋಗಿತ್ತು, ಸುಮ್ಮನೆ ಕೂತಿದ್ದೆ."

"ಹಾಗಿದ್ರೆ ಈ ಸಾಕ್ಷಿಯಿಂದ ಉಪಯೋಗವಿಲ್ಲ," ಎಂದು ಹೆಲೆನ್ ಫೈಲು ಮುಚ್ಚಿದಳು.

ಆಗ ಕೆಪುವೆಲಿ ಬಾಯಿಬಿಟ್ಟ. ತಿರುಗಲಿಲ್ಲ, ಎದುರಿಗಿದ್ದ ನಿಂಬೆಗಿಡಕ್ಕೆ ಹೇಳುವವನ ಹಾಗೆ ಹೇಳಿದ.

"ಮೇಡಂ, ತಂಗಿ ವಿಷಯ ನಾನು ಆಡೋ ಹಾಗಿಲ್ಲ. ನನ್ನ ವಿಷಯ ಹೇಳ್ತೀನಿ. ಈ ಗ್ಯಾರೇಜಿನ ಮುಂದೆ ಹಾದುಹೋದ್ರೆ ನನ್ನ ಕಾರು ಬೇಗ ಸಿಗುತ್ತೆ. ಅವರ ಮದುವೆ ಆದಾಗಿಂದ ನಾನು ಈ ದಾರಿ ತುಳಿದಿಲ್ಲ. ಇವತ್ತು ನಿಮಗೋಸ್ಕರ ಬಂದೆ. ದಿನಾ ಬೇಲಿ ಪಕ್ಕ ಸುತ್ತಿ ಹೋಗ್ತೀನಿ, ಮಳೇಲೂ. ಹಿತ್ತಲಿಗೆ ಕಾಲಿಡೋ ಮುಂಚೆ ಕೆಮ್ತೀನಿ. ಪಕ್ಕದ ಮನೆ ಮುದುಕ ಪಾಪ, ಕೆಮ್ಮಿನ ಔಷಧಿ ತಂದುಕೊಟ್ಟ. ಒಳಗೆ ಗಂಡಹೆಂಡತಿ ಇಲ್ದೇ ಹೋಗಿದ್ರೆ, ನನ್ನ ಮನೇಲಿ ನಾನು ಕಳ್ಳನ ಥರ ಯಾಕೆ ಓಡಾಡಬೇಕಿತ್ತು?"

ಹೆಲೆನ್ ಬೇಲಿಯ ಕಡೆ ನೋಡಿದಳು. ಗ್ಯಾರೇಜನ್ನು ದೂರದಿಂದ ಬಳಸಿಕೊಂಡು ಒಂದು ಕಾಲುದಾರಿ ಹೋಗಿತ್ತು. ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ಅಲ್ಲಿಯವರೆಗೆ ನಡೆದುಹೋಗಿ, ಬೂಟಿನ ತುದಿಯಿಂದ ಮಣ್ಣು ಒತ್ತಿ ನೋಡಿ ಬಂದಳು.

"ನೀವು ಸ್ವಲ್ಪ ಹೊರಗಿರ್ತೀರಾ?"

ಕೆಪುವೆಲಿ ಅದೇ ಕಾಲುದಾರಿ ಹಿಡಿದು ಹೋದ. ಬೀದಿಯ ಗೇಟಿನಿಂದ ಕೆಮ್ಮು ಕೇಳುವವರೆಗೂ ಲೆಸಿಯೆಲಿ ಕಾದಳು.

"ಗೋಡೆ ಕಡೆ ನಾನು," ಎಂದಳು ಮೆಲ್ಲಗೆ. "ಬಾಗಿಲ ಕಡೆ ಅವನು. ಬೆಳಗಿನ ಜಾವ ಕೆಲಸಕ್ಕೆ ಹೋಗಬೇಕಲ್ಲ. ಏಳೋವಾಗ ದಿನಾ ನನ್ನ ಕಾಲು ತುಳೀತಾನೆ."

ಹೆಲೆನ್ ಫೈಲು ಬಿಚ್ಚಿ ಹಳೆಯ ಹಾಳೆಯೊಂದನ್ನು ಓದಿದಳು. "ನಿಮ್ಮ ಗಂಡನೂ ಬಾಗಿಲ ಕಡೆ ಅಂದಿದ್ರು. ತುಳಿಯೋದು ಹೇಳಿರಲಿಲ್ಲ." ಆಮೇಲೆ ಒಳಗೆ ಹೋಗಿ, ಒಂದೇ ಮಂಚ, ಒಂದೇ ಮೊಳೆಗೆ ನೇತುಹಾಕಿದ್ದ ಇಬ್ಬರ ಬಟ್ಟೆ, ಎಲ್ಲವನ್ನೂ ನೋಡಿ ಹೊರಬಂದಳು. "ಮದುವೆ ನಿಜ ಅಂತಲೇ ಬರೀತೀನಿ. ಈ ತಿಂಗಳು ನೀವು ವಿಮಾನ ಹತ್ತಬೇಕಾಗಿಲ್ಲ."

"ಹಂಗಾದ್ರೆ ಈಗ ಊಟ ಮಾಡು ಬಾರಮ್ಮ," ಎಂದಳು ಸೇಲಾ. ಹೆಲೆನ್ ಈ ಸಲ ತಟ್ಟೆ ಬೇಡವೆನ್ನಲಿಲ್ಲ.

ಗೇಟಿನಿಂದ ಮತ್ತೆ ಕೆಮ್ಮು ಕೇಳಿಸಿತು. ಲೆಸಿಯೆಲಿ ಗ್ಯಾರೇಜಿನೊಳಗೆ ಹೋಗಿ, ಅಣ್ಣ ಹಿತ್ತಲಿಗೆ ಬರಲೆಂದು ಬಾಗಿಲು ಹಾಕಿಕೊಂಡಳು.